ಅವಲಕ್ಕಿ ಹವಾಲ್ದಾರರ ಮೀಸೆ

ಹವಾಲ್ದಾರರು ತೀರಿಕೊಂಡರು ಎಂದು ಬೆಳ್ಳಾರೆಯ ಬಸ್ಸಿನ ಕಂಡಕ್ಟರ್ ಪುತ್ತೂರಿನ ನನ್ನ ಅಂಗಡಿಯ ಎದುರು ನಿಂತು ಹೇಳಿದಾಗ ನಾನು ಮೊದಲು ಕೇಳಿದ್ದು, "ರೈಲಿನಲ್ಲಿ ಅಲ್ಲವಷ್ಟೆ?" ಎಂದು. ಸಾವಿನ ಸುದ್ದಿಗೆ ಹೀಗೆ ಕೇಳಬಾರದು ಎಂದು ನನಗೂ ಗೊತ್ತು. ಆದರೆ ಆ ಮನುಷ್ಯನಿಗೆ ರೈಲಿನ ಮೇಲಿದ್ದ ಸಿಟ್ಟು ಎಂಥದ್ದೆಂದರೆ, ಕೊನೆಯುಸಿರನ್ನು ಅದರೊಳಗೆ ಬಿಟ್ಟಿದ್ದರೆ ಎದ್ದು ಕೂತು ಗಾರ್ಡಿನ ಹತ್ತಿರ ಜಗಳ ತೆಗೆಯುತ್ತಿದ್ದರು. ಹಾಗೇನೂ ಆಗಿರಲಿಲ್ಲ. ಮನೆಯಲ್ಲೇ ಗಂಜಿ ಉಂಡು ಚಾಪೆಯಲ್ಲಿ ಮಲಗಿದವರು ಏಳಲಿಲ್ಲವಂತೆ.

ಅವರು ಕೊಲ್ಲಮೊಗ್ರು ಕಡೆಯ, ಅರೆಭಾಷೆ ಮಾತಾಡುವ ಗೌಡರ ಮನೆಯವರು. ಎರಡನೇ ಮಹಾಯುದ್ಧದ ಕಾಲಕ್ಕೆ ಸೈನ್ಯ ಸೇರಿ, ಅದು ಮುಗಿದ ಮೇಲೆ ಒಂದು ಸೀಟಿ, ಒಂದು ಖಾಕಿ ಚಡ್ಡಿ, ಒಂದು ಮೀಸೆ ಇಷ್ಟನ್ನು ಸಂಪಾದಿಸಿಕೊಂಡು ಬಂದು ಬೆಳ್ಳಾರೆಯ ಹತ್ತಿರ ಸಣ್ಣ ತೋಟ ಮಾಡಿಕೊಂಡಿದ್ದರು. ಮೂರರಲ್ಲಿ ಚಡ್ಡಿ ಮೊದಲು ಹರಿಯಿತು. ಮೀಸೆ ಮಾತ್ರ ತೋಟಕ್ಕಿಂತ ಚೆನ್ನಾಗಿ ಬೆಳೆಯಿತು. ದಿನಾ ಬೆಳಿಗ್ಗೆ ತೆಂಗಿನೆಣ್ಣೆ ಹಚ್ಚಿ ಅದನ್ನು ತಿರುವಬೇಕು, ಎರಡು ತುದಿಗಳೂ ಮೇಲೆ ನೋಡಬೇಕು, ಆಮೇಲೆಯೇ ಅವರು ಮನೆಯಿಂದ ಹೊರಬೀಳುವುದು. ಮಳೆಗಾಲದಲ್ಲಿ ಕೊಡೆ ಹಿಡಿಯುತ್ತಿದ್ದದ್ದು ತಲೆಗಲ್ಲ, ಮೀಸೆಗೆ ಎಂದು ನಾವು ಹೇಳಿಕೊಳ್ಳುತ್ತಿದ್ದೆವು.

ಸೈನ್ಯದಲ್ಲಿ ಅವರು ಬಂದೂಕು ಹಾರಿಸಿದವರಲ್ಲ. ಸಪ್ಲೈಯವರು. ರೈಲಿನಲ್ಲಿ ಬಂದ ಅಕ್ಕಿ ಬೇಳೆಯನ್ನು ಮುಂದಿದ್ದ ಪಡೆಗಳಿಗೆ ತಲುಪಿಸುವುದು ಅವರ ಕೆಲಸ. "ಎಷ್ಟು ಜನರನ್ನು ಕೊಂದಿರಿ ಹವಾಲ್ದಾರ್ರೆ?" ಎಂದು ಯಾರಾದರೂ ಕೇಳಿದರೆ, "ಕೊಲ್ಲುವವರಿಗೆ ಅನ್ನ ಹಾಕಿದ್ದು ನಾನು. ಹಸಿದವನಿಗೆ ಬಂದೂಕು ಎತ್ತಲಿಕ್ಕೂ ಆಗುದಿಲ್ಲ ಮಾರಾಯ," ಎನ್ನುತ್ತಿದ್ದರು. ಅವರ ಪ್ರಕಾರ ಆ ಯುದ್ಧದಲ್ಲಿ ಶತ್ರು ಜಪಾನಿನವರಲ್ಲ, ರೈಲು. ಒಮ್ಮೆ ಸೇತುವೆ ಕೊಚ್ಚಿಹೋಯಿತು, ಒಮ್ಮೆ ಬಾಂಬು ಬಿತ್ತು, ಒಮ್ಮೆ ಮದ್ದುಗುಂಡಿನ ಗಾಡಿಗೆ ದಾರಿ ಬಿಡಲಿಕ್ಕೆ ಅಕ್ಕಿಯ ಗಾಡಿಯನ್ನು ಎಲ್ಲೋ ಕಾಡಿನಲ್ಲಿ ನಿಲ್ಲಿಸಿ ಮರೆತೇಬಿಟ್ಟರು. ಆಗ ಇವರು ಏನು ಮಾಡಿದರು? ಸ್ಟೇಷನ್ನಿನ ಹತ್ತಿರದ ಹಳ್ಳಿಯ ಹೆಂಗಸರನ್ನೆಲ್ಲ ಸೇರಿಸಿ ಭತ್ತ ಕೊಟ್ಟು ಅವಲಕ್ಕಿ ಕುಟ್ಟಿಸಿದರು. ಬೆಂಕಿ ಬೇಡ, ಪಾತ್ರೆ ಬೇಡ, ಹೊಗೆ ಕಂಡು ವಿಮಾನ ಬರುವ ಹೆದರಿಕೆಯಿಲ್ಲ. ಪೂರ್ತಿ ಒಂದು ಪಡೆ ಬರ್ಮಾದ ಕಾಡಿನಲ್ಲಿ ಇವರ ಅವಲಕ್ಕಿ ತಿಂದು ಗೆದ್ದಿತು.

ಈ ಕತೆಯನ್ನು ಅವರು ಭಟ್ಟರ ಹೋಟೆಲಿನಲ್ಲಿ ಕೂತು ವಾರಕ್ಕೊಮ್ಮೆಯಾದರೂ ಹೇಳುತ್ತಿದ್ದರು. ಹೇಳಿದ ಹಾಗೆ ಪಡೆ ದೊಡ್ಡದಾಗುತ್ತಿತ್ತು. ಭಟ್ಟರು ದೋಸೆ ಮಗುಚುತ್ತಾ, "ಹಾಗಾದ್ರೆ ಬ್ರಿಟಿಷರು ನಿಮ್ಮ ಒನಕೆಗೆ ಒಂದು ಪದಕ ಕೊಡ್ಬೇಕಿತ್ತಲ್ಲ ಹವಾಲ್ದಾರ್ರೆ!" ಎಂದು ಕೇಳಿ, ಅಂದಿನಿಂದ ಅವರು ಅವಲಕ್ಕಿ ಹವಾಲ್ದಾರ ಆದರು. ಆ ಹೆಸರು ಕುಂಬ್ರದವರೆಗೆ ಹಬ್ಬಿತ್ತು.

ಮನುಷ್ಯ ವಿಚಿತ್ರ. ಹೋಟೆಲಿನಲ್ಲಿ ತಿಂಡಿ ತಿನ್ನುವುದಿದ್ದರೆ ಗೋಡೆಗೆ ಮುಖ ಮಾಡಿ ಕೂತು ತಿನ್ನುತ್ತಿದ್ದರು. ಎದುರಿಗೆ ಕೂತರೆ ಯಾರಾದರೂ ಪಾಲು ಕೇಳಿಯಾರು ಎಂದು ಹೀಗೆ ಮಾಡುತ್ತಾರೆ ಎಂದು ಭಟ್ಟರ ಅಭಿಪ್ರಾಯ. ಮದುವೆಗೆ ಕರೆದರೆ ಇನ್ನೂ ಕಷ್ಟ. ಕುಂಬ್ರದ ಹತ್ತಿರ ಒಂದು ಮದುವೆಯಲ್ಲಿ ಮೊದಲ ಪಂಕ್ತಿಗೆ ಎಲೆ ಹಾಕುವಾಗ ಇವರು ಸೀಟಿ ಊದಿ ಬಡಿಸುವವರನ್ನು ನಿಲ್ಲಿಸಿದರು. ವಾಲಗದವರು, ಸೌದೆ ಒಡೆದವರು, ಆಗ ಲಾರಿ ಓಡಿಸುತ್ತಿದ್ದ ನನ್ನಂಥವರು ಎಲ್ಲ ಚಪ್ಪರದ ಆಚೆ ನಿಂತಿದ್ದೆವು. "ಹಿಂದೆ ನಿಂತವರಿಗೆ ಮೊದಲು ಹಾಕಿ. ಎದುರು ಕೂತವರು ಹೇಗೂ ಉಣ್ತಾರೆ," ಎಂದರು. ಮದುಮಗನ ಅಪ್ಪ ಕೆಂಡವಾದ. ನಮಗೂ ನಾಚಿಕೆಯಾಗಿ, ಹಸಿವಿಲ್ಲ ಎಂದು ಸುಳ್ಳು ಹೇಳಿ ತಪ್ಪಿಸಿಕೊಂಡೆವು. ನನಗೆ ಹಸಿವಿತ್ತು. ಆ ದಿನ ಅವರನ್ನು ಬೈದಷ್ಟು ನಾನು ನನ್ನ ಲಾರಿಯನ್ನೂ ಬೈದಿರಲಿಲ್ಲ.

ಹಾಸನದಿಂದ ಮಂಗಳೂರಿಗೆ ರೈಲು ಹಾಕುತ್ತಾರೆ, ನಮ್ಮ ಕಡೆಗಾಗಿಯೇ ಹೋಗುತ್ತದೆ ಎಂದು ಸರ್ವೆಯವರು ಬಂದಾಗ ಕಡಬದಿಂದ ಪುತ್ತೂರಿನವರೆಗೆ ಎಲ್ಲರಿಗೂ ಸಂಭ್ರಮ. ಹವಾಲ್ದಾರರು ಮಾತ್ರ ಸರ್ವೆಯವರ ಎದುರು ನಿಂತು, "ಹಾಕುದಾದ್ರೆ ಹಾಕಿ ಮಾರಾಯ್ರೆ. ಆದ್ರೆ ಅದು ಹೇಳಿದ ಹೊತ್ತಿಗೆ ಬರ್ತದೆ ಅಂತ ಈ ಜನಕ್ಕೆ ಹೇಳ್ಬೇಡಿ. ನಂಬಿ ಕೂತುಬಿಡ್ತಾರೆ," ಎಂದು ಬುದ್ಧಿ ಹೇಳಿ ಬಂದಿದ್ದರು.

ಹೀಗಿರುವಾಗ ಅರವತ್ತೈದರಲ್ಲಿ ಪಾಕಿಸ್ತಾನದ ಜೊತೆ ಯುದ್ಧ ಬಂತು. ಮಳೆಗಾಲದ ಸೋಣ ತಿಂಗಳು. ಹಳೆಯ ಭತ್ತ ತಳ ಕಾಣುತ್ತಿತ್ತು, ಹೊಸ ಬೆಳೆ ಇನ್ನೂ ಗದ್ದೆಯಲ್ಲಿತ್ತು. ಆದರೂ ರೇಡಿಯೋ ಕೇಳಿ ಕೇಳಿ ನಮಗೆಲ್ಲ ರಕ್ತ ಬಿಸಿಯಾಗಿ, ಜವಾನರಿಗೆ ಊರಿನಿಂದ ಭತ್ತ ಕಳಿಸುವುದು ಎಂದು ಶಾಲೆಯಲ್ಲಿ ಮೀಟಿಂಗ್ ಮಾಡಿದೆವು. ಹವಾಲ್ದಾರರು ಎದ್ದು ನಿಂತು, ತಲುಪಿಸುವ ಜವಾಬ್ದಾರಿ ತನ್ನದು ಎಂದರು.

"ತಲುಪದಿದ್ರೆ?" ಎಂದರು ಭಟ್ಟರು.

ಹವಾಲ್ದಾರರು ಮೀಸೆಗೆ ಕೈ ಹಾಕಿದರು. "ಸೈನ್ಯಕ್ಕೆ ತಲುಪದಿದ್ರೆ ಈ ಮೀಸೆ ಇಟ್ಟುಕೊಂಡು ಬೆಳ್ಳಾರೆಯಲ್ಲಿ ತಿರುಗುದಿಲ್ಲ. ಬದುಕಿರುವವರೆಗೆ."

ಶಾಲೆಯ ಮಾಡು ಹಾರುವ ಹಾಗೆ ನಗೆ ಎದ್ದಿತು. ಮರುದಿನ ಎಲ್ಲರಿಗಿಂತ ಹೆಚ್ಚು ಭತ್ತ ಕೊಟ್ಟವರು ಭಟ್ಟರೇ. ದೇಶಕ್ಕೆ ಒಂದು ಪಾಲು, ಮೀಸೆ ಹೋಗುವುದನ್ನು ನೋಡಲಿಕ್ಕೆ ಎರಡು ಪಾಲು ಎಂದು ಅವರೇ ಹೇಳಿದರು. ಉಳಿದವರೂ ಬಿಡಲಿಲ್ಲ. ಸಂಜೆಯ ಗಂಜಿಗೆ ನೀರು ಹೆಚ್ಚು ಹಾಕಿ ಉಳಿಸಿದ ಭತ್ತ ಅದು, ತಮಾಷೆಗೆ ಕೊಟ್ಟದ್ದಲ್ಲ. ಅದಕ್ಕೇ ಹವಾಲ್ದಾರರು ತಮಾಷೆ ಮಾಡಲಿಲ್ಲ.

ನಮಗೆ ಹತ್ತಿರದ ರೈಲೆಂದರೆ ಮಂಗಳೂರು. ಅಲ್ಲಿ ಹೋಗಿ ಕೇಳಿದರೆ ಗೂಡ್ಸ್ ಗಾಡಿಗಳೆಲ್ಲ ಉತ್ತರಕ್ಕೆ ಹೋಗಿವೆ, ವ್ಯಾಗನ್ ಯಾವಾಗ ಸಿಗುತ್ತದೋ ಗೊತ್ತಿಲ್ಲ ಎಂದರು. ಹವಾಲ್ದಾರರ ಮುಖದಲ್ಲಿ, ನಾನು ಹೇಳಿರಲಿಲ್ಲವೇ ಎಂಬ ಸಂತೋಷ. ಉಳಿದ ದಾರಿ ಸುಳ್ಯದಿಂದ ಸಂಪಾಜೆ ಘಟ್ಟ ಹತ್ತಿ ಮೇಲಿನ ರೈಲು ಹಿಡಿಯುವುದು. ಆದರೆ ಆ ವರ್ಷ ಭತ್ತವಾಗಲಿ ಅಕ್ಕಿಯಾಗಲಿ ಜಿಲ್ಲೆ ದಾಟಬಾರದು ಎಂದು ಘಟ್ಟದ ಬುಡದಲ್ಲಿ ಗೇಟು ಹಾಕಿದ್ದರು. ಪರ್ಮಿಟ್ ಕೇಳಿದರೆ, ಅದು ಕೈಗೆ ಬರುವಷ್ಟರಲ್ಲಿ ಮುಂದಿನ ಯುದ್ಧ ಬರುತ್ತದೆ.

"ಅವಲಕ್ಕಿ ಕುಟ್ಟುವ," ಎಂದರು ಹವಾಲ್ದಾರರು.

ನಮಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಆದರೆ ಬೇರೆ ಉಪಾಯ ಯಾರ ಹತ್ತಿರವೂ ಇರಲಿಲ್ಲ. ಅವರ ಪಕ್ಕದ ಮನೆಯ ಲಚ್ಚಕ್ಕ ಅವಲಕ್ಕಿಗೆ ಹೆಸರಾದವಳು. ಅವಳ ಅಂಗಳಕ್ಕೆ ಚಪ್ಪರ ಹಾಕಿ, ಊರಿನ ಒರಳುಗಳನ್ನೆಲ್ಲ ಹೊತ್ತು ತಂದೆವು. ನೆನೆಸಿದ ಭತ್ತವನ್ನು ಬಸಿದು ಹುರಿಯುವುದು, ಅದು ಆರುವ ಮೊದಲೇ ಒರಳಿಗೆ ಹಾಕಿ ಇಬ್ಬಿಬ್ಬರು ಎದುರುಬದುರು ನಿಂತು ಕುಟ್ಟುವುದು, ಗೆರಸೆಯಲ್ಲಿ ಗಾಳಿಸುವುದು. ಬಿಸಿ ಆರಿದರೆ ನುಚ್ಚಾಗುತ್ತದೆ. ಹಾಗಾಗಿ ಹವಾಲ್ದಾರರು ನಡುವೆ ನಿಂತು ಸೀಟಿ ಊದತೊಡಗಿದರು. ಒಂದು ಊದಿಗೆ ಈ ಒನಕೆ, ಇನ್ನೊಂದು ಊದಿಗೆ ಆ ಒನಕೆ.

ಲಚ್ಚಕ್ಕ ಒನಕೆ ನಿಲ್ಲಿಸಿದಳು. "ಹವಾಲ್ದಾರ್ರೆ, ಒಂದು ಕೆಲಸ ಮಾಡುವ. ನೀವು ಒನಕೆ ಹಿಡೀರಿ, ಸೀಟಿ ನಾನು ಊದ್ತೇನೆ. ನಿಮ್ಮ ಸೀಟಿ ಕೇಳಿ ನನ್ನ ಹಾಲು ಕೊಡುವ ದನ ಹಗ್ಗ ಹರಿದುಕೊಂಡು ಹೋಗಿ ಆಯ್ತು."

ಅವರು ಸೀಟಿಯನ್ನು ಜೇಬಿಗೆ ಹಾಕಿ ನಿಜವಾಗಿಯೂ ಒನಕೆ ಹಿಡಿದರು. ಮೀಸೆಗೆಲ್ಲ ಹೊಟ್ಟು ಹತ್ತಿಕೊಂಡು ಮುದಿ ಬೆಕ್ಕಿನ ಹಾಗೆ ಕಾಣುತ್ತಿದ್ದರು. ಮಳೆ ಬಿಡಲಿಲ್ಲ, ಹೆಂಗಸರು ಕೈಯಲ್ಲಿ ಬೊಬ್ಬೆ ಎದ್ದರೂ ಬಿಡಲಿಲ್ಲ. ಕೊನೆಗೂ ನನ್ನ ಲಾರಿ ತುಂಬುವಷ್ಟು ಅವಲಕ್ಕಿ ಆಯಿತು. ಲಚ್ಚಕ್ಕ ಮೂಟೆಗಳ ಜೊತೆಗೆ ಬೆಲ್ಲದ ಅಚ್ಚುಗಳನ್ನೂ ಕಟ್ಟಿಕೊಟ್ಟಳು.

ಸಂಪಾಜೆಯ ಗೇಟಿನಲ್ಲಿ ಕಾವಲಿನವನು ಮೂಟೆ ಬಿಚ್ಚಿಸಿದ. ಹವಾಲ್ದಾರರು ಬಾಗಿಲು ತೆರೆದು ಇಳಿದು, "ಧಾನ್ಯ ಅಂದ್ರೆ ಬೇಯಿಸದೆ ತಿನ್ನಲಿಕ್ಕೆ ಆಗದ್ದು. ಇದನ್ನು ತಿಂದು ನೋಡಿ," ಎಂದು ಒಂದು ಹಿಡಿ ಅವಲಕ್ಕಿ, ಒಂದು ಚೂರು ಬೆಲ್ಲ ಕೊಟ್ಟರು. ಅವನು ತಿಂದ. ಯೋಚಿಸಿದ. ಇನ್ನೊಂದು ಹಿಡಿ ತಿಂದ. "ತಿಂಡಿಯೇ," ಎಂದು ಗೇಟು ಎತ್ತಿದ. ನಾನು ಸ್ಟಿಯರಿಂಗಿಗೆ ಹಣೆ ಬಡಿದುಕೊಂಡು ನಕ್ಕೆ. ಮನುಷ್ಯ ಹೇಳಿದ ಕತೆಯಲ್ಲಿ ಅರ್ಧವಾದರೂ ಸತ್ಯವಿರಬೇಕು ಎಂದು ನನಗೆ ಮೊದಲ ಬಾರಿಗೆ ಅನಿಸಿದ್ದು ಆಗ.

ಘಟ್ಟದ ಮೇಲಿನ ಆ ಜಂಕ್ಷನ್ನಿನ ಹೆಸರು ಹೇಳುವುದಿಲ್ಲ. ಅಲ್ಲಿನ ಸ್ಟೇಷನ್ ಮಾಸ್ತರು ಒಳ್ಳೆಯ ಮನುಷ್ಯರು, ಆದರೆ ಅವರಿಗೇ ಏನೂ ಗೊತ್ತಿರಲಿಲ್ಲ. ಮಿಲಿಟರಿ ಗಾಡಿಯೊಂದು ಬರುತ್ತದೆ, ನಿಂತರೆ ಹಾಕಿ ಕೊಡಬಹುದು, ಯಾವಾಗ ಎಂದು ನನಗೂ ಹೇಳುವುದಿಲ್ಲ ಎಂದರು. ಮೂಟೆಗಳನ್ನು ಪ್ಲಾಟ್‌ಫಾರ್ಮಿನಲ್ಲಿ ಇಳಿಸಿ ನಾವು ಕಾದೆವು.

ಕಾಯುತ್ತಿದ್ದವರು ನಾವು ಮಾತ್ರವಲ್ಲ. ಪ್ಯಾಸೆಂಜರ್ ಗಾಡಿಗಳನ್ನೆಲ್ಲ ರದ್ದು ಮಾಡಿದ್ದರಿಂದ ಪ್ಲಾಟ್‌ಫಾರ್ಮ್ ತುಂಬ ಜನ ದಿನಗಟ್ಟಲೆಯಿಂದ ಬಿದ್ದುಕೊಂಡಿದ್ದರು. ಕಾಫಿ ತೋಟದ ಕೆಲಸ ಮುಗಿಸಿ ಊರಿಗೆ ಹೊರಟ ತಮಿಳು ಸಂಸಾರಗಳು. ಮದುವೆ ಮುಗಿಸಿ ಹೆಣ್ಣನ್ನು ಕರೆದುಕೊಂಡು ಹೊರಟಿದ್ದ ಒಂದು ದಿಬ್ಬಣ. ಮದುಮಗನ ಕೈಯ ಕಂಕಣ ಕೂಡ ಬಿಚ್ಚಿರಲಿಲ್ಲ. ಊರು ದೂರ, ಬಿಡದ ಮಳೆ, ಹತ್ತಿರ ಇದ್ದ ಹೋಟೆಲುಗಳಲ್ಲಿ ಅಕ್ಕಿ ಮುಗಿದು ಬಾಗಿಲು ಹಾಕಿದ್ದರು. ಮದುವೆಯ ಲಾಡು ಮೊದಲ ದಿನವೇ ಖಾಲಿಯಾಗಿತ್ತು. ಮಕ್ಕಳು ಅತ್ತು ಅತ್ತು ಸುಮ್ಮನಾಗಿದ್ದವು. ಎಲ್ಲರೂ ನಮ್ಮ ಮೂಟೆಗಳನ್ನೇ ನೋಡುತ್ತಿದ್ದರು, ಯಾರೂ ಕೇಳಲಿಲ್ಲ. ಅದು ಸೈನ್ಯದ್ದು ಎಂದು ಸ್ಟೇಷನ್ ಮಾಸ್ತರು ಹೇಳಿಬಿಟ್ಟಿದ್ದರು.

ಹವಾಲ್ದಾರರು ಮೂಟೆಯ ಮೇಲೆ ಕೂತಿದ್ದರು. ಒಂದು ದಿನ ಕಳೆಯಿತು. ಮರುದಿನ ಮಧ್ಯಾಹ್ನದ ಹೊತ್ತಿಗೆ ಅವರು ಮೀಸೆ ತಿರುವುವುದನ್ನು ನಿಲ್ಲಿಸಿದ್ದರು. ನಾನು ತಮಾಷೆಗೆ, "ಎಂತ ಹವಾಲ್ದಾರ್ರೆ, ಬರ್ಮಾ ನೆನಪಾಗ್ತದಾ?" ಎಂದು ಕೇಳಿದೆ.

"ಬರ್ಮಾ ಅಲ್ಲ ಮಾರಾಯ. ಅದಕ್ಕೆ ಮೊದಲು, ಬಂಗಾಲ. ಅಲ್ಲಿ ಬರಗಾಲ ಇದ್ದ ವರ್ಷ," ಎಂದರು. "ಒಂದು ಸ್ಟೇಷನ್ನಿನಲ್ಲಿ ನಾನು ಹೀಗೆಯೇ ಮೂಟೆ ಮೇಲೆ ಕೂತಿದ್ದೆ. ರೈಲು ಇಲ್ಲ. ಎದುರು ಹೀಗೆಯೇ ಜನ, ಸುತ್ತಿನ ಹಳ್ಳಿಯವರು. ಅವರು ಅನ್ನ ಕೇಳುದಿಲ್ಲ, ಗೊತ್ತುಂಟಾ? ಗಂಜಿ ಬಸಿದ ತಿಳಿ ಉಂಟಲ್ಲ, ಅದನ್ನು ಕೇಳುದು. ನನ್ನ ಕೈಯಲ್ಲಿ ದೊಣ್ಣೆ ಇತ್ತು. ಸೈನ್ಯದ ಮಾಲು, ಒಂದು ಕಾಳು ಹೊರಗೆ ಹೋಗ್ಬಾರದು ಅಂತ ಆರ್ಡರ್ ಇತ್ತು. ದಿನಾ ಬೆಳಿಗ್ಗೆ ನೋಡುವಾಗ ಜನ ಸ್ವಲ್ಪ ಕಡಿಮೆ. ಎಲ್ಲಿಗೆ ಹೋದ್ರು ಅಂತ ಕೇಳ್ಬೇಡ. ರೈಲು ಬರುವಾಗ ನನ್ನ ಮೂಟೆ ಎಲ್ಲ ಸರಿ ಇತ್ತು. ಸಾಹೇಬ ಬೆನ್ನು ತಟ್ಟಿದ."

ನಾನು, "ಹಾಗಾದ್ರೆ ಅವಲಕ್ಕಿ ಕುಟ್ಟಿಸಿದ್ದು?" ಎಂದು ಕೇಳಿದೆ.

"ಅದೂ ಸತ್ಯವೇ. ಆ ಭತ್ತ ಅವರದ್ದೇ ಊರಿಂದ ತಂದದ್ದು. ಕುಟ್ಟಿದ ಹೆಂಗಸರು ಅಲ್ಲೇ ಇದ್ದರು, ಆ ಜನರ ಒಳಗೆ."

ಅಷ್ಟು ಹೇಳಿ ಅವರು ಮೂಟೆಯಿಂದ ಇಳಿದು, ಜೇಬಿನಿಂದ ಸೀಟಿ ತೆಗೆದು ಊದಿದರು. ಮಲಗಿದ್ದವರೆಲ್ಲ ರೈಲು ಬಂತೆಂದು ಗಡಬಡಿಸಿ ಎದ್ದರು. ಮೂಟೆಯ ಬಾಯಿ ಬಿಚ್ಚುವುದನ್ನು ಕಂಡು ನಾನು ಅವರ ಕೈ ಹಿಡಿದೆ. "ಊರಿನವರಿಗೆ ಎಂತ ಹೇಳುದು? ಭಟ್ರು ಬಿಡ್ತಾರಾ? ನಿಮ್ಮ ಮೀಸೆ!" ಎಂದೆ. ಅವರು ನನ್ನ ಕೈ ಬಿಡಿಸಿಕೊಂಡು, "ನೀನು ಬೆಲ್ಲ ಒಡೆ," ಎಂದರು.

ನಾನು ಬೆಲ್ಲ ಒಡೆದೆ. ಅವರು ಸಾಲು ಮಾಡಿಸಿ, ಹಿಂದಿನಿಂದ ಶುರುಮಾಡಿ, ಸೆರಗಿಗೆ, ಟವೆಲಿಗೆ, ಟೊಪ್ಪಿಗೆ ಅಳೆದು ಹಾಕಿದರು. ಮದುಮಗಳ ಅಜ್ಜಿ ಹಲ್ಲಿಲ್ಲದ ಬಾಯಲ್ಲಿ ನೆನೆಸಿದ ಅವಲಕ್ಕಿ ಮುಕ್ಕುತ್ತಾ ಹವಾಲ್ದಾರರಿಗೆ ಮದುವೆಯಾಗಿದೆಯೇ ಎಂದು ವಿಚಾರಿಸಿದಳು. ಸಂಜೆಯ ಹೊತ್ತಿಗೆ ಮೂಟೆಗಳೆಲ್ಲ ಮಡಚಿ ಬಿದ್ದಿದ್ದವು.

ಮಿಲಿಟರಿ ಗಾಡಿ ಬಂದದ್ದು ಆಮೇಲೆ. ಬಂದದ್ದು ಎನ್ನುವುದೂ ತಪ್ಪು. ಅದು ನಿಲ್ಲಲೇ ಇಲ್ಲ. ಕಿಟಕಿಯಲ್ಲಿ ಜವಾನರು ಕೈಬೀಸುತ್ತಾ ಹೋದರು, ನಾವೂ ಬೀಸಿದೆವು.

ಘಟ್ಟ ಇಳಿಯುವಾಗ ನನಗೆ ಖುಷಿಯೋ ಖುಷಿ. "ನೋಡಿ ಹವಾಲ್ದಾರ್ರೆ, ಗಾಡಿ ಹೇಗೂ ನಿಲ್ತಿರ್ಲಿಲ್ಲ. ಇದು ನಿಮ್ಮ ತಪ್ಪಲ್ಲ. ತಲುಪಿತು ಅಂತ ಹೇಳುವ. ಭಟ್ರು ಪಂಜಾಬಿಗೆ ಹೋಗಿ ಕೇಳ್ತಾರಾ?" ಎಂದು ಸುಳ್ಯದವರೆಗೂ ಹೇಳುತ್ತಾ ಬಂದೆ.

"ಗಾಡಿ ಬರುವ ಮೊದಲೇ ನಾನು ಹಂಚಿ ಆಗಿತ್ತಲ್ಲ," ಎಂದರು. ಸುಳ್ಯದ ಪೇಟೆಯಲ್ಲಿ ಲಾರಿ ನಿಲ್ಲಿಸಲು ಹೇಳಿ ಇಳಿದು ಹೋದರು. ನಾನು ಚಾ ಕುಡಿದು ಬಂದರೆ ಯಾವನೋ ಬೋಳು ಮುಖದವನು ನನ್ನ ಲಾರಿ ಹತ್ತುತ್ತಿದ್ದ. "ಏಯ್, ಯಾರು? ಇಳಿ ಕೆಳಗೆ!" ಎಂದು ಬೊಬ್ಬೆ ಹಾಕಿದೆ. ಅವನು ತಿರುಗಿದ. ದೇವರಾಣೆಗೂ ನನಗೆ ಗುರುತು ಸಿಕ್ಕಲಿಲ್ಲ. ಅಷ್ಟು ಸಣ್ಣ ಮುಖ ಆ ಮೀಸೆಯ ಹಿಂದೆ ಇತ್ತೆಂದು ಯಾರಿಗೆ ಗೊತ್ತು?

ಬೆಳ್ಳಾರೆಯಲ್ಲಿ ಭಟ್ಟರ ಹೋಟೆಲಿನ ಎದುರು ಊರೇ ಸೇರಿತ್ತು. ಹವಾಲ್ದಾರರು ಇಳಿದದ್ದೇ ನಗೆ ಶುರುವಾಯಿತು. ಅವರು ಕಾದು ನಿಂತರು. ನಗೆ ನಿಂತ ಮೇಲೆ, "ಸೈನ್ಯಕ್ಕೆ ತಲುಪ್ಲಿಲ್ಲ. ಸ್ಟೇಷನ್ನಿನಲ್ಲಿ ಜನ ಹಸಿದು ಬಿದ್ದಿದ್ರು, ಅವರು ತಿಂದ್ರು. ಹಂಚಿದ್ದು ನಾನು, ಇವನಲ್ಲ," ಎಂದರು.

ಕೆಲವರಿಗೆ ಸಿಟ್ಟು ಬಂತು. ನಮ್ಮ ಭತ್ತ ದಾರಿಯಲ್ಲಿ ಹೋಗುವವರಿ​ಗಾ ಎಂದು ಗೊಣಗಿದರು. ಲಚ್ಚಕ್ಕ ಎಲ್ಲರನ್ನೂ ಸರಿಸಿ ಮುಂದೆ ಬಂದು ಕೇಳಿದ್ದು ಬೇರೆಯೇ. "ಮೆತ್ತಗಿತ್ತಾ? ಕಡೆಯ ದಿನದ್ದು ಹುರಿಯುವಾಗ ನನಗೆ ಸಂಶಯ ಇತ್ತು."

"ಒಬ್ಬ ಮದುಮಗ ಮೂರು ಸಲ ಹಾಕಿಸಿಕೊಂಡ," ಎಂದರು ಹವಾಲ್ದಾರರು.

"ಹಾಗಾದ್ರೆ ಆಯ್ತು," ಎಂದು ಲಚ್ಚಕ್ಕ ದನ ಕಟ್ಟಲು ಹೊರಟುಹೋದಳು. ಭಟ್ಟರು ಮೀಸೆ ಹೋದದ್ದಕ್ಕೆ ಏನಾದರೂ ಹೇಳುತ್ತಾರೆ ಎಂದು ಎಲ್ಲರೂ ಕಾದರು. ಅವರು ಒಳಗೆ ಹೋಗಿ ತಾವೇ ಕಾಫಿ ಮಾಡಿ ತಂದು ಹವಾಲ್ದಾರರ ಕೈಗೆ ಕೊಟ್ಟರು. ಹವಾಲ್ದಾರರು ಆಮೇಲೆ ಮತ್ತೆ ಮೀಸೆ ಬೆಳೆಸಲಿಲ್ಲ. ಬರ್ಮಾದ ಕತೆಯನ್ನೂ ಹೇಳಲಿಲ್ಲ. ನಾವು ಎಷ್ಟು ಕೆಣಕಿದರೂ ಹೇಳಲಿಲ್ಲ. ಸಂಜೆಗಳು ಬೇಸರವಾಗತೊಡಗಿದವು, ಭಟ್ಟರ ವ್ಯಾಪಾರಕ್ಕೂ ಪೆಟ್ಟು ಬಿತ್ತು.

ಆ ದಿನ ಅವರನ್ನು ಮನೆಗೆ ಬಿಡಲು ನಾನೂ ಹೋದೆ. ನಮ್ಮ ಕಡೆ ಗಂಡಸಿನ ಮೀಸೆ ಹೋಗುವುದು ಹೆತ್ತವರು ತೀರಿಕೊಂಡಾಗ. ಪಂಥದ ಸುದ್ದಿ ಅವರ ಹೆಂಡತಿಗೂ ಗೊತ್ತಿತ್ತು. ಆದರೆ ಗಂಡನ ಬೋಳು ಮುಖ ಕಂಡಾಗ ಯಾವ ಹೆಂಗಸಿಗೂ ಮೊದಲು ನೆನಪಾಗುವುದು ಪಂಥವಲ್ಲ. ಅಂಗಳಕ್ಕೆ ಓಡಿ ಬಂದು, "ಅಯ್ಯೋ, ಯಾರು ಹೋದ್ರು?" ಎಂದು ಎದೆಗೆ ಕೈ ಹಚ್ಚಿದರು.

ಯಾರೂ ಇಲ್ಲ ಅಕ್ಕಾ, ಪಂಥ ಸೋತದ್ದು ಎಂದು ಹೇಳಲು ನಾನು ಬಾಯಿ ತೆರೆದೆ. ಹವಾಲ್ದಾರರು ನನ್ನ ತೋಳು ಹಿಡಿದು ತಡೆದರು.

"ತುಂಬ ಜನ ಹೋಗಿದ್ದಾರೆ," ಎಂದರು. "ನನಗೆ ಆಗ ಬಂಗಾಲದಲ್ಲೇ ಗೊತ್ತಿತ್ತು. ನಿನಗೆ ಹೇಳ್ಲಿಲ್ಲ. ಸ್ನಾನಕ್ಕೆ ನೀರು ಕಾಯಿಸು."

ಸಾವಿನ ಸುದ್ದಿ ಕೇಳಿದವರು ಮಾಡುವ ಸ್ನಾನ ಅದು. ಇಪ್ಪತ್ತು ವರ್ಷ ಅವರನ್ನು ನೋಡಿ ನಕ್ಕವನು ನಾನು, ಅಂಗಳದಲ್ಲಿ ನಿಂತು ಚಿಕ್ಕ ಮಗುವಿನ ಹಾಗೆ ಅತ್ತೆ. ಅವರ ಹೆಂಡತಿ ಬಚ್ಚಲಿನ ಒಲೆಗೆ ಬೆಂಕಿ ಹಾಕಿ ಹಂಡೆ ತುಂಬಿಸಿದರು. ಹವಾಲ್ದಾರರು ಉಟ್ಟ ಬಟ್ಟೆಯಲ್ಲೇ ಒಳಗೆ ಹೋದರು. ಆ ನೀರು ಮುಗಿದ ಮೇಲೂ ಅವರು ಹೊರಗೆ ಬರಲಿಲ್ಲ. ಹೆಂಡತಿ ಬಾಗಿಲ ಹತ್ತಿರ ಸ್ವಲ್ಪ ಹೊತ್ತು ನಿಂತು, ಮತ್ತೆ ಕೊಡ ಎತ್ತಿಕೊಂಡು ಬಾವಿಗೆ ನಡೆದರು.